ಕೀಂಯ್ ಅಂದಿದ್ದು ಯಾರು?

ಸಿಟ್ಟನ್ನು ನಾನಾಗಿ ಕರೆಯುವುದಿಲ್ಲ, ಅದೇ ನನ್ನ ವಿಳಾಸ ಹುಡುಕಿಕೊಂಡು ಬರುತ್ತದೆ. ವಾರವೆಲ್ಲ ಕೆ.ಆರ್. ಪೇಟೆಯ ಕರೆಂಟ್ ಆಫೀಸಿನಲ್ಲಿ ಕೆಲಸ. ಕರೆಂಟ್ ಹೋದರೆ ಇಡೀ ಊರು ನನಗೆ ಬಯ್ಯುತ್ತದೆ. ಬಂದಾಗ ಫೋನ್ ಮಾಡಿ 'ಬಂತು ಕಣಪ್ಪ, ಸಂತೋಷ' ಅಂದ ಒಬ್ಬ ಪುಣ್ಯಾತ್ಮನನ್ನೂ ನಾನು ಕಂಡಿಲ್ಲ. ಈ ಬೈಗುಳ ಮರೆಯೋಣ ಅಂತ ರಜಾ ದಿನ ಶ್ರೀರಂಗಪಟ್ಟಣದ ಒಂದು ಆರ್ಕೆಸ್ಟ್ರಾ ತಂಡದಲ್ಲಿ ಗಿಟಾರ್ ನುಡಿಸುತ್ತೇನೆ. ಮರೆಯೋಕೆ ಹೋದ ಜಾಗದಲ್ಲೂ ಬೈಗುಳವೇ ಕಾದು ಕೂತಿದ್ದರೆ ಮನುಷ್ಯ ಎಲ್ಲಿಗೆ ಹೋಗಬೇಕು? ಈ ವರ್ಷ ನನಗಾದದ್ದು ಅದೇ.

ರೈಲು ಬಂತು

ಶ್ರೀರಂಗಪಟ್ಟಣದ ರೈಲ್ವೆ ಸ್ಟೇಷನ್ ಹತ್ತಿರದ ಛತ್ರವೊಂದರಲ್ಲಿ ರಿಸೆಪ್ಷನ್. ನಮ್ಮ ತಂಡದ ಯಜಮಾನರೇ ಮುಖ್ಯ ಹಾಡುಗಾರರು. ಹಾಡುವಾಗ ಒಂದು ಕಡೆ ನಿಂತ ಪ್ರಾಣಿಯಲ್ಲ. ಮೈಕ್ ಹಿಡಿದು ಸ್ಟೇಜ್ ತುಂಬ ಓಡಾಡಬೇಕು, ಗಂಡಿನ ಕೈ ಕುಲುಕಬೇಕು, ಮುಂದಿನ ಸಾಲಿನ ಮಕ್ಕಳ ಕೆನ್ನೆ ಚಿವುಟಬೇಕು. ಅವರು ಬಾಯಿ ಮುಚ್ಚುವುದು ಮೂರನೇ ಹಾಡಿನ ಮಧ್ಯೆ ಮಾತ್ರ. ಅಲ್ಲಿ ಗಿಟಾರ್ ಒಂದೇ ನುಡಿಯುವ ಒಂದು ತುಣುಕಿದೆ. ಅರ್ಧ ನಿಮಿಷ ಇರಬಹುದು. ಆ ಅರ್ಧ ನಿಮಿಷ ಇದೆ ಅಂತಲೇ ನಾನು ಆಫೀಸಿನಲ್ಲಿ ವಾರವೆಲ್ಲ ಬೈಸಿಕೊಂಡು ಬದುಕಿದ್ದೇನೆ.

ಅವತ್ತು ಆ ತುಣುಕು ಶುರು ಮಾಡಿದೆ, ಗಿಟಾರ್ 'ಕೀಂಯ್' ಅಂತ ಕಿರುಚಿಕೊಂಡಿತು. ಕೈ ಒತ್ತಿದರೂ ನಿಲ್ಲಲಿಲ್ಲ. ಊಟದ ಹಾಲಿನಲ್ಲಿ ಆಗತಾನೇ ಎಲೆ ಮುಂದೆ ಕೂತಿದ್ದ ಮೈಸೂರಿನ ಒಂದು ಸಂಸಾರ, 'ರೈಲು ಬಂತು, ರೈಲು ಬಂತು' ಅಂತ ಎದ್ದು, ಬ್ಯಾಗು ಮಕ್ಕಳು ಎಲ್ಲ ಎತ್ತಿಕೊಂಡು ಸ್ಟೇಷನ್ ಕಡೆ ಓಡಿತು.

ಹಾಡು ಮುಗಿದ ಮೇಲೆ ಯಜಮಾನರು ನನ್ನನ್ನು ಸ್ಟೇಜಿನ ಹಿಂದಕ್ಕೆ ಕರೆದರು. "ಲೇ, ಇನ್ನೊಂದ್ ಸಲ ಅದು ಕೀಂಯ್ ಅಂದ್ರೆ ನೀನು ಬರ್ಲೇಬ್ಯಾಡ ಕಣ್ಲಾ. ಕೀಬೋರ್ಡಲ್ಲಿ ಗಿಟಾರ್ ಸೌಂಡಿನ್ ಗುಂಡಿ ಅದೆ. ಅದ್ನೇ ಒತ್ತುಸ್ತೀನಿ, ಮನೇಲಿರು."

ಇಷ್ಟು ವರ್ಷ ಜೊತೆಗಿದ್ದವನನ್ನು ಒಂದು ಗುಂಡಿಗೆ ಸಮ ಮಾಡಿಬಿಟ್ಟರಲ್ಲ ಅಂತ ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಆ ಸಂಸಾರ ಬೆವರು ಸುರಿಸಿಕೊಂಡು ವಾಪಸ್ ಬಂತು. ಸ್ಟೇಷನ್ನಿನಲ್ಲಿ ರೈಲಿರಲಿಲ್ಲ. ಇಲ್ಲಿ ಅವರ ಜಾಗದಲ್ಲಿ ಬೇರೆಯವರು ಕೂತು ಪಾಯಸಕ್ಕೆ ಬಂದಿದ್ದರು. ಆ ಸಂಸಾರದ ಹಿರಿಯರು ನೇರವಾಗಿ ನನ್ನ ಹತ್ತಿರವೇ ಬಂದರು. ಕ್ಷಮೆ ಕೇಳೋಣ ಅಂತ ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದು, "ಅದೆಲ್ಲ ಬೇಡಪ್ಪ. ಇನ್ನೊಂದ್ಸಲ ಅದನ್ನ ಕೀಂಯ್ ಅನ್ನಿಸು. ಆ ಪಂಕ್ತಿಯವರೂ ಒಂದು ಸುತ್ತು ಓಡಿ ಬರಲಿ" ಅಂದರು.

ಎಷ್ಟು ಎಚ್.ಪಿ.?

ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಅಂತ ಒಂದು ಪುಟ್ಟ ಡಬ್ಬಿ ಇರುತ್ತದೆ. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿಯ ಸುರುಳಿ. ಆ ಸುರುಳಿ ಸಡಿಲವಾದರೆ, ಜೋರು ಸದ್ದಿಗೆ ತಾನೇ ನಡುಗಿ ಕಿರುಚುತ್ತದೆ. ಹೊಸದು ತರಿಸಲು ತಿಂಗಳಾಗುತ್ತದೆ ಅಂತ ಮೈಸೂರಿನ ಅಂಗಡಿಯವನು ಕೈಚೆಲ್ಲಿದ. ನಾಗಮಂಗಲದ ಪ್ರೋಗ್ರಾಂ ಬರುವ ಭಾನುವಾರವೇ ಇತ್ತು.

ಸುರುಳಿ ಅಂದಮೇಲೆ ಪಾಂಡವಪುರದ ಮೋಟರ್ ರಿವೈಂಡಿಂಗ್ ಅಂಗಡಿ ನೆನಪಾಯಿತು. ನಾನು ಮೊದಲು ಅಲ್ಲಿನ ಕರೆಂಟ್ ಆಫೀಸಿನಲ್ಲೇ ಇದ್ದವನು. ಅಂಗಡಿ ತುಂಬ ಸುಟ್ಟ ಪಂಪ್‌ಸೆಟ್ ಮೋಟರುಗಳು, ಅವುಗಳ ಪಕ್ಕ ಮುಖ ಗಂಟಿಕ್ಕಿಕೊಂಡ ರೈತರು. ಅಂಗಡಿಯವನ ಕೈಗೆ ಪಿಕಪ್ ಇಟ್ಟೆ. ತಿರುಗಿಸಿ ತಿರುಗಿಸಿ ನೋಡಿ ಕೇಳಿದ, "ಇದು ಎಷ್ಟ್ ಎಚ್.ಪಿ. ಸಾ?"

"ಎಚ್.ಪಿ. ಗಿಚ್.ಪಿ. ಏನೂ ಇಲ್ಲ. ಇದು ಗಿಟಾರಿಂದು."

"ಯಾವ್ದಾದ್ರೆ ಏನು? ಇಂತಾ ಕೂದ್ಲು ತಂತಿ ಸುತ್ತುದ್ರೆ ಕಿರುಚ್ದೆ ಇನ್ನೇನ್ ಮಾಡಾದು? ದಪ್ಪ ತಂತಿ ಸುತ್ ಕೊಡ್ತೀನಿ ಬುಡಿ. ಬೋರಿಗೆ ಇಳಿಬುಟ್ರೂ ಏನೂ ಆಗಾಕಿಲ್ಲ."

ನನ್ನ ಗಿಟಾರನ್ನು ಬೋರಿಗೆ ಯಾಕಪ್ಪ ಇಳಿಬಿಡಲಿ ಅಂತ ಜಗಳ ಶುರು ಮಾಡಿದೆ. ಆ ಗಲಾಟೆಗೆ ಮೂಲೆಯಲ್ಲಿ ಕೂತಿದ್ದ ಒಬ್ಬ ರೈತ ತಲೆಯೆತ್ತಿ ನನ್ನ ಗುರುತು ಹಿಡಿದ. "ಇವ್ರು ಕರೆಂಟ್ ಆಪೀಸ್ನೋರಲ್ವಾ? ನಿಮ್ ಲೋ ವೋಲ್ಟೇಜಿಂದ್ಲೇ ಕಣ್ರೀ ನಮ್ ಮೋಟ್ರೆಲ್ಲಾ ಸುಟ್ಟಿರಾದು!" ಎಲ್ಲರೂ ಎದ್ದು ನಿಂತರು. ನಾನು ಪಿಕಪ್ ಕಿತ್ತುಕೊಂಡು ಬಾಗಿಲ ಕಡೆ ಸರಿದೆ.

ಒಬ್ಬ ಅಜ್ಜ ನನ್ನ ಕೈಯಲ್ಲಿದ್ದುದನ್ನು ಬಗ್ಗಿ ನೋಡಿದ. "ತಡೀರ್ಲಾ, ಇವ್ರದ್ದೂ ಸುಟ್ಟೋಗದೆ."

ಅಂಗಡಿಗೆ ಅಂಗಡಿಯೇ ತಣ್ಣಗಾಯಿತು. ಸಿಟ್ಟೆಲ್ಲ ಇಳಿದು ಎಲ್ಲರ ಮುಖದಲ್ಲೂ ಒಂದು ಸಮಾಧಾನ. ಅಜ್ಜ ನನ್ನ ಬೆನ್ನು ತಟ್ಟಿ, "ಬಾಳ ಒಳ್ಳೇದಾಯ್ತು ಬುಡಪ್ಪ. ಬಾ, ಲೈನಲ್ಲಿ ನಮ್ ಹಿಂದ್ಗಡೆ ಕೂತ್ಕೊ" ಅಂತ ಜಾಗ ಮಾಡಿಕೊಟ್ಟ.

ಒಂದು ಡಜನ್ ಮೇಣದ ಬತ್ತಿ

ದಪ್ಪ ತಂತಿ ಸುತ್ತಿಸದೆ ಹಾಗೇ ಊರಿಗೆ ವಾಪಸಾದ ಮೇಲೆ ಫೋನಿನಲ್ಲಿ ಒಂದು ವಿಡಿಯೊ ಸಿಕ್ಕಿತು. ಕಿರುಚುವ ಪಿಕಪ್ಪನ್ನು ಕರಗಿದ ಮೇಣದಲ್ಲಿ ಅದ್ದಬೇಕಂತೆ. ಮೇಣ ಸುರುಳಿಯ ಸಂದಿಗೆಲ್ಲ ಇಳಿದು ಗಟ್ಟಿಯಾದರೆ ತಂತಿ ಅಲ್ಲಾಡುವುದಿಲ್ಲ, ಸದ್ದೂ ಅಡಗುತ್ತದೆ. ಇಷ್ಟೇ ತಾನೆ ಅಂತ, ಆಫೀಸಿನಿಂದ ಬರುವಾಗ ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ಒಂದು ಡಜನ್ ಮೇಣದ ಬತ್ತಿ ಕೇಳಿದೆ.

ಅಂಗಡಿಯವನು ನನ್ನ ಮುಖ ನೋಡಿದ. ಬತ್ತಿ ನೋಡಿದ. "ಒಂದ್ ಡಜನ್ನಾ ಸಾ?" ಅಂದ. ಹೌದು ಅಂದೆ. ಅವನು ಬೇರೇನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ನಾನು ಒಂದು ಕಾಫಿ ಕುಡಿದು ಮನೆ ತಲುಪುವ ಹೊತ್ತಿಗೆ ಬೀದಿಯಲ್ಲಿ ಎಲ್ಲ ಮನೆಯ ಮೋಟರೂ ಓಡುತ್ತಿತ್ತು, ಸಿಂಟೆಕ್ಸ್ ತುಂಬಿ ನೀರು ರಸ್ತೆಗೆ ಹರಿಯುತ್ತಿತ್ತು. ಹಿಟ್ಟಿನ ಗಿರಣಿ ಮುಂದೆ ರಾಗಿ ಚೀಲಗಳ ಸಾಲು. ಮನೆಯೊಳಗೆ ಹೆಂಡತಿ ಮನೆಯಲ್ಲಿದ್ದ ಅಕ್ಕಿ ಉದ್ದನ್ನೆಲ್ಲ ನೆನೆಹಾಕಿ ಗ್ರೈಂಡರಿನ ಮುಂದೆ ಕೂತಿದ್ದಳು.

"ಮೂರು ದಿನ ಕರೆಂಟ್ ಇರಲ್ವಂತೆ. ಪಕ್ಕದ ಮನೆಯೋರು ಹೇಳಿ ನನಗೆ ಗೊತ್ತಾಗಬೇಕಾ? ಕಟ್ಟಿಕೊಂಡ ಹೆಂಡತಿಗೆ ಒಂದು ಮಾತು ಹೇಳೋಕೆ ನಿಮಗೇನು ಬಂದಿತ್ತು?"

"ಯಾವ ಬೇಕೂಫ ಹೇಳಿದ್ದು ಕರೆಂಟ್ ಇರಲ್ಲ ಅಂತ?"

"ಯಾರು ಹೇಳಬೇಕು? ಕರೆಂಟ್ ಆಫೀಸಿನೋರೇ ಡಜನ್‌ಗಟ್ಟಲೆ ಮೇಣದ ಬತ್ತಿ ಹೊತ್ಕೊಂಡು ಹೋದ್ರೆ ಜನ ಇನ್ನೇನು ತಿಳ್ಕೋಬೇಕು?"

ಅಷ್ಟರಲ್ಲಿ ನಮ್ಮ ಸಾಹೇಬರ ಫೋನು. ಯಾವ ಲೈನ್ ಯಾವಾಗ ತೆಗೆಯಬೇಕು ಅಂತ ತೀರ್ಮಾನ ಮಾಡುವವರು ಅವರೇ. ಊರೆಲ್ಲ ಅವರಿಗೆ ಫೋನ್ ಮಾಡಿ ಬೈದಿತ್ತು. ಅವರು ಅದನ್ನೆಲ್ಲ ಬಡ್ಡಿ ಸಮೇತ ನನಗೆ ದಾಟಿಸಿದರು. ಗಿಟಾರು, ಸುರುಳಿ, ಮೇಣ ಅಂತ ಎಲ್ಲ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ದನಿ ತಗ್ಗಿಸಿ, "ಅದಿರಲಿ, ನನ್ನ ಹತ್ತಿರ ಮುಚ್ಚಿಡಬೇಡಪ್ಪ. ಮನೆಯವಳು ಪಕ್ಕದಲ್ಲೇ ನಿಂತಿದ್ದಾಳೆ. ನಿಜವಾಗ್ಲೂ ಎಷ್ಟು ಹೊತ್ತಿಗೆ ತೆಗೀತಾರೆ?" ಅಂದರು.

ಅಂಟದ ಇಡ್ಲಿ

ಮೇಣವನ್ನು ನೇರ ಉರಿಯ ಮೇಲಿಡಬಾರದು, ಹಬೆಯಲ್ಲೇ ಕರಗಿಸಬೇಕು. ಮನೆಯಲ್ಲಿ ಅದಕ್ಕೆ ಲಾಯಕ್ಕಾದದ್ದು ಇಡ್ಲಿ ಪಾತ್ರೆ. ಹೆಂಡತಿ ಸಂಜೆ ದೇವಸ್ಥಾನಕ್ಕೆ ಹೋಗಿದ್ದಾಗ ಕೆಲಸ ಮುಗಿಸಿದೆ. ಪಿಕಪ್ಪಿನಿಂದ ಗುಳುಗುಳು ಅಂತ ಗಾಳಿಯ ಗುಳ್ಳೆ ಬಂದವು. ಸ್ವಲ್ಪ ಮೇಣ ಇಡ್ಲಿ ತಟ್ಟೆಗಳ ಮೇಲೂ ಚೆಲ್ಲಿತು. ಒರೆಸಿದೆ. ಪೂರ್ತಿ ಹೋಗಲಿಲ್ಲ.

ಪಿಕಪ್ ಜೋಡಿಸಿ, ಕೋಣೆಯ ಬಾಗಿಲು ಹಾಕಿಕೊಂಡು, ಸೌಂಡ್ ಪೂರ್ತಿ ಏರಿಸಿ ನುಡಿಸಿದೆ. ಒಂದು ಸಣ್ಣ ಕಿರುಚಾಟವೂ ಇಲ್ಲ. ಕಣ್ಣಲ್ಲಿ ನೀರು ಬಂತು. ಸುಳ್ಳು ಯಾಕೆ ಹೇಳಲಿ?

ಬೆಳಿಗ್ಗೆ ಹೆಂಡತಿ ತಟ್ಟೆ ಮೂಸಿ ನೋಡಿದವಳೇ ಯುದ್ಧಕ್ಕೆ ನಿಂತಳು. ನಿಮಗೆ ನಾನು ಬೇಕೋ ಆ ಗಿಟಾರ್ ಬೇಕೋ ಅನ್ನುವವರೆಗೆ ಮಾತು ಬೆಳೆಯಿತು. ನಾನೂ ಬಿಡಲಿಲ್ಲ. ಇಬ್ಬರೂ ಕೂಗಾಡಿ ಸುಸ್ತಾಗಿ ತಿರುಗಿ ನೋಡಿದರೆ, ಬೆಳಗೊಳದಿಂದ ಬಂದಿದ್ದ ನಮ್ಮತ್ತೆ ಆ ತಟ್ಟೆಯಲ್ಲೇ ಇಡ್ಲಿ ಬೇಯಿಸಿ ಒಂದೊಂದಾಗಿ ಎಬ್ಬಿಸುತ್ತಿದ್ದರು. "ಒಸಿನೂ ಅಂಟ್ನಿಲ್ಲ ಕಣವ್ವ. ಅದೇನ್ ಸವ್ರವ್ರೋ ಕೇಳಿಟ್ಕೊ" ಅಂದರು ಮಗಳಿಗೆ.

ನಾಗಮಂಗಲದ ಅರ್ಧ ನಿಮಿಷ

ಭಾನುವಾರ ಸಂಜೆ ನಾಗಮಂಗಲದ ಛತ್ರ, ಅಲ್ಲೂ ರಿಸೆಪ್ಷನ್. ಸ್ಟೇಜ್ ಹತ್ತುವ ಮೊದಲೇ ಯಜಮಾನರು ಗುಂಡಿ ಒತ್ತಲು ಕೀಬೋರ್ಡಿನವನಿಗೆ ಹೇಳಿಟ್ಟಿದ್ದರು. "ಮೇಣದಲ್ಲಿ ಅದ್ದಿದ್ದೀನಿ ಅಣ್ಣ, ಇನ್ನು ಕಿರುಚಲ್ಲ" ಅಂದೆ. "ಕಿರುಚ್ತೋ, ಇದೇ ಕೊನೆ ಕಣ್ಲಾ" ಅಂದರು.

ಮೂರನೇ ಹಾಡು ಬಂತು. ಯಜಮಾನರು ಬಾಯಿ ಮುಚ್ಚಿದರು. ನಾನು ಶುರು ಮಾಡಿದೆ. ಎಂಥ ನಾದ! ಮುಂದಿನ ಸಾಲಿನವರು ಫೋನ್ ಎತ್ತಿ ಹಿಡಿದರು. ಅಷ್ಟರಲ್ಲಿ ಕರೆಂಟ್ ಹೋಯಿತು.

ಕರೆಂಟ್ ಹೋದ ತಕ್ಷಣ ಯಾವುದೇ ವೈರನ್ನು ಕಿತ್ತು ಕೈಯಲ್ಲಿ ಹಿಡಿಯುವುದು ನಮ್ಮ ಆಫೀಸಿನವರ ಅಭ್ಯಾಸ. ಗಿಟಾರಿನ ವೈರನ್ನು ಹಾಗೇ ಕಿತ್ತೆ. ಗಿಟಾರ್ ಚೀಲದಲ್ಲಿ ಉಳಿದಿದ್ದ ಒಂದೆರಡು ಮೇಣದ ಬತ್ತಿಯಲ್ಲಿ ಒಂದನ್ನು ಕೀಬೋರ್ಡ್ ಪಕ್ಕ ಹಚ್ಚಿಟ್ಟೆ. ಉಪಕಾರ ಮಾಡೋಣ ಅಂತ. ಮದುಮಗಳ ಅಪ್ಪ ಎದ್ದು ನಿಂತು ಕೂಗಿದರು, "ನೋಡ್ರಪ್ಪ ನೋಡಿ! ಇವ್ನು ಕರೆಂಟ್ ಆಪೀಸ್ನೋನಂತೆ. ತೆಗೀತಾರೆ ಅಂತ ಗೊತ್ತಿದ್ದೇ ಮನೆಯಿಂದ ಮೇಣದ್ ಬತ್ತಿ ತಂದವ್ನೆ!"

ಇಡೀ ಛತ್ರ ನನ್ನನ್ನು ಬಯ್ಯತೊಡಗಿತು. ಯಜಮಾನರು ಮೈಕನ್ನು ಕಂಕುಳಲ್ಲಿ ಸಿಕ್ಕಿಸಿ, ದೊಡ್ಡ ಸ್ಪೀಕರಿಗೆ ಒರಗಿ ನಿಂತು ಕರ್ಚೀಫಿನಲ್ಲಿ ಗಾಳಿ ಹಾಕಿಕೊಳ್ಳುತ್ತ, ಬೈಗುಳಕ್ಕೆ ಹ್ಞೂಂಗುಟ್ಟುತ್ತಿದ್ದರು. ಹಿಂದುಗಡೆ ಯಾರೋ ಜನರೇಟರ್ ಆನ್ ಮಾಡಿದರು. ದೀಪ ಬಂತು.

'ಕೀಂಯ್...!'

ಯಜಮಾನರು ಬೆಚ್ಚಿ ಮೈಕ್ ಬಾಯಿಗೆ ಹಿಡಿದರು. "ಲೇ! ಆರ್ಸ್ಲಾ ಗಿಟಾರ್‌ನ! ಇವತ್ತಿಗೆ ಮುಗೀತು ಕಣ್ಲಾ ನಿನ್ದು!"

ನಾನು ಗಿಟಾರಿನಿಂದ ಕಿತ್ತಿದ್ದ ವೈರಿನ ತುದಿಯನ್ನು ತಲೆಯ ಮೇಲೆತ್ತಿ ಹಿಡಿದು ನಿಂತೆ. ಕಿರುಚಾಟ ನಿಂತಿರಲಿಲ್ಲ. ಯಜಮಾನರು ಸ್ಪೀಕರಿನ ಹತ್ತಿರ ಸರಿದರೆ ಏರುತ್ತಿತ್ತು, ದೂರ ಹೋದರೆ ಇಳಿಯುತ್ತಿತ್ತು. ಅದು ಅವರಿಗೊಬ್ಬರಿಗೆ ಬಿಟ್ಟು ಎಲ್ಲರಿಗೂ ಅರ್ಥವಾಯಿತು. ಕೀಬೋರ್ಡಿನವನೇ ಕಡೆಗೆ ಹೇಳಿದ, "ಅಣ್ಣ, ಅವನ್ ವೈರು ಅವನ್ ಕೈಲೇ ಅದೆ. ಕಿರುಚ್ತಾ ಇರಾದು ನಿಮ್ ಮೈಕು."

ತಪ್ಪಾಯಿತು ಅನ್ನುವ ಮನುಷ್ಯನಾ ಅವರು? ಮೈಕ್ ಹಿಡಿದೇ ನನ್ನ ಹತ್ತಿರ ಬಂದು, "ಅಂಗಾರೆ ನಾಳೆ ಈ ಮೈಕ್ಗೂ ಒಸಿ ಮೇಣ ಹಾಕ್ಕೊಡ್ಲಾ" ಅಂದರು.

ಅಷ್ಟು ದಿನದ ಸಿಟ್ಟೆಲ್ಲ ಒಟ್ಟಿಗೆ ಬಾಯಿಗೆ ಬಂತು. "ಮೈಕಿಗಲ್ಲ ಅಣ್ಣ, ನಿಮ್ಮ ಬಾಯಿಗೆ!"

ಮೈಕ್ ನಮ್ಮಿಬ್ಬರ ಮಧ್ಯೆ ಆನ್ ಆಗೇ ಇತ್ತು. ಅಡುಗೆ ಮನೆಯಲ್ಲಿ ಸೌಟು ಹಿಡಿದವರಿಗೂ ಕೇಳಿಸಿತು. ಮೊದಲು ನಕ್ಕದ್ದು ಮದುಮಗಳು, ಆಮೇಲೆ ನನ್ನನ್ನು ಬೈದಿದ್ದ ಅವಳ ಅಪ್ಪ, ಆಮೇಲೆ ಇಡೀ ಛತ್ರ. ಯಜಮಾನರು ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕೈಕಟ್ಟಿ ನಿಂತರು. ನಾನು ವೈರ್ ಜೋಡಿಸಿ ಆ ತುಣುಕನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿದೆ. ಒಂದು ಅಪಸ್ವರವಿಲ್ಲ.

ತಂಡದಿಂದ ನನ್ನನ್ನು ತೆಗೆದಿಲ್ಲ. ತೆಗೆಯುವ ಮಾತು ಆಡಬೇಕು ಅಂತ ಯಜಮಾನರು ಬಾಯಿ ತೆರೆದಾಗಲೆಲ್ಲ, ಕೀಬೋರ್ಡಿನವನು ಜೇಬಿನಿಂದ ಒಂದು ಮೇಣದ ಬತ್ತಿ ತೆಗೆದು ಮೆಲ್ಲಗೆ ಕೀಬೋರ್ಡಿನ ಮೇಲಿಡುತ್ತಾನೆ.