ಜುಂಜಮ್ಮ ಬಿಚ್ಚಿದ ಎಂಟು ಗಂಟು

ಧರ್ಮಪುರದ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ರಂಗಯ್ಯನವರು ಕಂಬಳಿ ಕೇಳಿ ತಂದದ್ದೇ ತಪ್ಪಾಯಿತು ನೋಡಿ. ಅದೂ ತಮಗೆ ರೂಮು ಬಾಡಿಗೆ ಕೊಟ್ಟ ಜುಂಜಮ್ಮನ ಕಂಬಳಿ!

ಅದು ಎಪ್ಪತ್ತೆಂಟನೇ ಇಸವಿ. ಹೆಂಡತಿ ಏಕಾಂತಮ್ಮ ಹೊಳಲ್ಕೆರೆಯಲ್ಲಿ ವಿಜ್ಞಾನದ ಮೇಡಂ. ಮದುವೆಯಾಗಿ ಮೂರು ವರ್ಷವಾದರೂ ಇಬ್ಬರ ಸಂಸಾರ ಬಸ್ ಸ್ಟ್ಯಾಂಡಿನಲ್ಲೇ ನಡೆದಿತ್ತು. ಅವತ್ತು ಇನ್ಸ್‌ಪೆಕ್ಷನ್ನಿಗೆ ಬರುವ ಸಾಹೇಬರನ್ನು ಮೆಚ್ಚಿಸಿ, ಹೊಳಲ್ಕೆರೆಗೆ ವರ್ಗ ಮಾಡಿಸಿಕೊಂಡು, ಆಮೇಲೆ ಹೆಂಡತಿಗೆ ಹೇಳಿ ದಂಗುಬಡಿಸಬೇಕೆಂದು ಮೇಷ್ಟ್ರ ಆಸೆ. ಅದಕ್ಕೇ ಬಿದಿರಿನ ಗೂಡು ಕಟ್ಟಿ, ಕಂಬಳಿ ಹೊದಿಸಿ, ಎಂಟು ಕಡೆ ಹಗ್ಗ ಬಿಗಿದು, ಸ್ಕೂಲಿನ ಅಂಗಳದಲ್ಲಿ ಆಳೆತ್ತರದ ಜೀವಕೋಶ ನಿಲ್ಲಿಸಿದ್ದರು.

ಹೆಡ್‌ಮಾಸ್ಟರ್ ತಿಮ್ಮರಾಯಪ್ಪ ಸುತ್ತು ಹಾಕಿ ನೋಡಿದರು. "ಏನ್ರೀ ಇದು, ಕುರಿ ಕಾಯೋರ ಗುಡ್ಲು ಇದ್ದಂಗೈತೆ?"

"ಜೀವಕೋಶ ಸಾರ್. ಕಂಬಳಿ ಹೊರಪೊರೆ, ಬಿದಿರು ಒಳಗಿನ ಹಂದರ. ಈ ಹಗ್ಗ ಐತಲ್ಲ, ಇದೇ ಎರಡನ್ನೂ ಹಿಡಿದಿಡೋ ಪ್ರೋಟೀನು."

"ಅದೇನೋಪ್ಪ. ಬರ್ರಿ, ಬಸ್ಸು ಬರೋ ಹೊತ್ತಾಯ್ತು, ಸಾಹೇಬ್ರನ್ನ ಕರ್ಕಂಡು ಬರಾಣ."

ಇವರು ಅತ್ತ ಹೋದರು, ಇತ್ತ ಜುಂಜಮ್ಮ ಬಂದಳು.

"ಅಯ್ಯಯ್ಯೋ! ನಮ್ಮತ್ತೆ ನೂತ ಉಣ್ಣೆ ಕಂಬಳಿ! ಹಿಂಗಾ ಬಿಗಿಯೋದು? ಹರಿದೋಗಲ್ವಾ? ಈ ಮೇಷ್ಟ್ರಿಗೆ ಬುದ್ಧಿ ಐತಾ?"

ಪಾಪ, ಕಂಬಳಿಯ ಮೇಲಿನ ಅಕ್ಕರೆ. ಎಂಟೂ ಗಂಟು ಬಿಚ್ಚಿ, ಸುಕ್ಕು ನೀವಿ, ಕಂಬಳಿಯನ್ನು ಗೂಡಿನ ಮೇಲೆ ಹಾಗೇ ಬಿಟ್ಟು, ಹಗ್ಗಗಳನ್ನು ಮಡಿಲಿಗೆ ಹಾಕಿಕೊಂಡು ಮರದ ನೆರಳಲ್ಲಿ ಕುಂತಳು.

ಸಾಹೇಬರು ಬಂದು, ಒಳಗೇನಿದೆಯೆಂದು ಬಗ್ಗಿದರು. ಅದೇ ಗಳಿಗೆಗೆ ಗಾಳಿ ಬೀಸಿತು. ಕಂಬಳಿ ಜಾರಿ ಅವರನ್ನು ತಲೆಯಿಂದ ಬೂಟಿನವರೆಗೆ ಮುಚ್ಚಿಬಿಟ್ಟಿತು.

"ತೆಗೀರಿ! ಉಸಿರು ಕಟ್ತೈತೆ!"

ರಂಗಯ್ಯನವರು ಓಡಿಬಂದು ಕಂಬಳಿಯ ತುದಿ ಹಿಡಿದರು. ವರ್ಗ ಹಾಳಾಗಲಿ, ಕೆಲಸ ಉಳಿದರೆ ಸಾಕು! ಬಾಯಿಗೆ ಬಂದದ್ದನ್ನು ಒದರಿದರು: "ನೋಡಿ ಸಾರ್! ಹಿಡಿದಿಡೋ ಪ್ರೋಟೀನು ಇಲ್ದಿದ್ರೆ ಹೊರಪೊರೆಗೆ ಇದೇ ಗತಿ!"

ಕಂಬಳಿಯೊಳಗಿಂದ ನಗು ಕೇಳಿಸಿತು. ತಲೆಯ ತುಂಬ ಉಣ್ಣೆ ಮೆತ್ತಿಕೊಂಡ ಸಾಹೇಬರು ಹೊರಬಂದರು.

"ಭೇಷ್! ಪಾಠಾನ ಹಿಂಗೆ ನನ್ನ ತಲೆಗೇ ಹಾಕಿದೋರು ನೀವೇ ಮೊದಲು. ಏನು ಬೇಕು ಕೇಳ್ರಿ."

"ಹೊಳಲ್ಕೆರೆಗೆ ವರ್ಗ, ಸಾರ್."

"ಕೊಟ್ಟೆ! ನಿಮ್ಮ ಅದೃಷ್ಟ ಚೆನ್ನಾಗೈತೆ, ನಿನ್ನೆ ತಾನೇ ಅಲ್ಲೊಂದು ಜಾಗ ಖಾಲಿ ಆತು. ಒಬ್ಬ ಮೇಡಂ ಧರ್ಮಪುರನೇ ಬೇಕು ಅಂತ ಆರು ತಿಂಗಳಿಂದ ಬೆನ್ನು ಬಿದ್ದಿದ್ರು. ಇಲ್ಲಿಗೇ ಹಾಕ್ದೆ."

"ಹೆ... ಹೆಸರು, ಸಾರ್?"

"ಏಕಾಂತಮ್ಮ. ಇನ್ನು ಮೂರು ವರ್ಷ ಇಬ್ರೂ ವರ್ಗ ಅಂತ ನನ್ನ ಹತ್ರ ಬರಬಾರ್ದು ಮತ್ತೆ!"

ರಂಗಯ್ಯನವರು ತಾವೇ ಕಟ್ಟಿದ ಬಿದಿರಿನ ಗೂಡಿನೊಳಗೆ ಹೋಗಿ ಕುಂತರು. ಜುಂಜಮ್ಮ ಕಂಬಳಿ ಕೊಡವಿ ಮಡಿಸುತ್ತ ಹತ್ತಿರ ಬಂದಳು.

"ಆ ಮೇಡಮ್ಮನ್ನ ನಮ್ಮನೆಗೇ ಕಳಿಸ್ರಿ ಮೇಷ್ಟ್ರೇ. ಹೆಂಗೂ ನಿಮ್ಮ ರೂಮು ಖಾಲಿ ಆಗ್ತೈತಲ್ಲ!"