ನಮ್ಮ ಗಾಡಿಯ ರಕ್ತಪರೀಕ್ಷೆ

ಆಳಂದದ ನಮ್ಮ ಓಣಿಯಲ್ಲಿ ನಾನು ಕಾರಿನ ಬಾನೆಟ್ ಎತ್ತಿದರೆ ಸಾಕು, ಯಾರಾದರೂ ಬಂದೇ ಬರುತ್ತಾರೆ, ಏನಾದರೂ ಆಗಿಯೇ ಆಗುತ್ತದೆ. ಈ ಸಲ ಎತ್ತಿದ್ದು ಮಗಳಿಗಾಗಿ. ಅವಳ ಗಂಡನ ಮನೆ ನೆಲೋಗಿಯಲ್ಲಿ ಚೊಚ್ಚಲ ಬಸಿರಿನ ಕುಬಸ, ಅಂದರೆ ಸೀಮಂತ. ತವರಿನ ಹಸಿರು ಸೀರೆ ಮುಟ್ಟದೆ ಉಡಿ ತುಂಬುವಂತಿಲ್ಲ. ನಮ್ಮ ಹಳೇ ಕಾರು ಒಂದು ದಿನ ಚಾಲೂ ಆದರೆ ಇನ್ನೊಂದು ದಿನ ಇಲ್ಲ. ಬೀಗರ ಮುಂದೆ ಮರ್ಯಾದೆ ಹೋದೀತೆಂಬ ಹೆದರಿಕೆಗೆ, ಬ್ಯಾಟರಿ ಪರೀಕ್ಷಿಸುವ ಮೀಟರ್ ಒಂದನ್ನು ತಂದೆ.

೧. ಹನ್ನೆರಡೂವರೆ

ಮೀಟರಿನ ಎರಡು ವೈರು ಬ್ಯಾಟರಿಗೆ ಮುಟ್ಟಿಸಿದೆ. "ಹನ್ನೆರಡೂವರೆ ಅದ! ಭಾರಿ ಛಲೋ ಅದ!" ಅಂತ ಖುಷಿಯಲ್ಲಿ ಕೂಗಿದೆ.

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಒಳಗಿನಿಂದಲೇ ಅಂದಳು: "ದವಾಖಾನ್ಯಾಗ ನನ್ನ ರಕ್ತ ಹತ್ತೇ ಅದ ಅಂದಾರ. ಗಾಡಿಗಿ ಹನ್ನೆರಡೂವರೆ! ಈ ಮನ್ಯಾಗ ಯಾರಿಗಿ ತಿನಿಸಾಕತ್ತೀರಿ ಅಂಬೋದು ಗೊತ್ತಾತು ಬಿಡ್ರಿ."

೨. ತಂಪು ಪರೀಕ್ಷೆ

ಬ್ಯಾಟರಿಗೆ ಚಾರ್ಜ್ ಸರಿಯಾಗಿ ಏರುತ್ತದೋ ಇಲ್ಲವೋ ನೋಡಲು ಇಂಜಿನ್ ಚಾಲೂ ಇಟ್ಟು, ಲೈಟು, ಎ.ಸಿ. ಎಲ್ಲ ಹಾಕಬೇಕು. ಆಗಲೂ ಮೀಟರು ಹದಿನಾಲ್ಕು ವೋಲ್ಟಿನ ಸುತ್ತ ನಿಲ್ಲಬೇಕು. ಎಕ್ಸಲರೇಟರ್ ಒತ್ತಲು ಪಕ್ಕದ ಮನೆಯ ಕಾಕಾ ಕೂತರು. ಬಿರುಬಿಸಿಲು, ಓಣಿಗೆಲ್ಲ ಕರೆಂಟು ಹೋಗಿತ್ತು.

"ಕಾಕಾ, ಹದಿನಾಲ್ಕು ಬಂತ್ರಿ. ಬರಾಬರ್ ಅದ, ಇಳೀರಿನ್ನ" ಅಂದೆ.

ಕಾಕಾ ಗಾಜು ನಾಲ್ಕು ಬೆರಳು ಇಳಿಸಿದರು. "ಅವಸರ ಮಾಡಬ್ಯಾಡೋ ತಮ್ಮಾ, ಮಗಳ ಕುಬಸದ ಮಾತು. ಕರೆಂಟ್ ಬರೂತನಕ ನೋಡೂಣು" ಅಂದು ಗಾಜು ಏರಿಸಿಕೊಂಡರು.

೩. ಗಾಡಿಯ ಎದೆ

ಕುಬಸದ ದಿನ ಬಂತು. ಹಸಿರು ಸೀರೆ, ಬುತ್ತಿ, ಹೆಂಡತಿ, ಅವ್ವ ಎಲ್ಲ ಕಾರಿನೊಳಗೆ. ಕೀಲಿ ತಿರುಗಿಸಿದರೆ 'ಟಕ್' ಅಂದು ಸುಮ್ಮನಾಯಿತು. ನನ್ನ ಎದೆಯೂ ಟಕ್ ಅಂತು. ಮೀಟರು ಮಾತ್ರ ಬ್ಯಾಟರಿ ಗಟ್ಟಿ ಅಂತಲೇ ಹೇಳುತ್ತದೆ. ಬಗ್ಗಿ ನೋಡಿದರೆ ವೈರು ಬಿಗಿದ ಜಾಗದಲ್ಲಿ ಬಿಳಿ ಪುಡಿ ದಪ್ಪಗೆ ಕೂತಿದೆ. ಇದೇ ಕಳ್ಳ ಅಂದುಕೊಂಡು ಸೋಡಾ ಹಾಕಿದ ಬಿಸಿನೀರು ತಂದೆ.

ಅವ್ವ ಇಳಿದು ಅಡ್ಡ ನಿಂತಳು. "ಇಬತ್ತಿ ತೊಳಿತಾರೇನೋ ಯಾರರೆ?"

"ಯವ್ವಾ, ಅದು ವಿಭೂತಿ ಅಲ್ಲ, ಬ್ಯಾಟರಿ ತುಕ್ಕು."

"ನಂಗೇನ್ ಹೇಳ್ತಿ? ಅಮಾಸಿಗೊಮ್ಮೆ ಲಿಂಬಿಕಾಯಿ ಕಟ್ಟುವಾಗ ನಾನೂ ಅಲ್ಲೇ ಹಚ್ಚಾಕತ್ತೇನಿ. ಅದು ಗಾಡಿ ಎದಿ ಅಂತ ನೀನೇ ಹೇಳಿದ್ದಿ. ಮೊದಲೇ ಅಲ್ಲಿ ಬೆಳ್ಳಗ ಇತ್ತು. ಹಣಿಗಿ ಒಂದ್ ದಿನ ಹಚ್ಚಿಕೊಳ್ಳಲಾರದ ಮಗ ಗಾಡಿಗರೆ ಹಚ್ಯಾನಲ್ಲ ಅಂತ ಖುಷಿ ಆಗಿತ್ತು ನಂಗ!"

ಮೊದಲು ತುಕ್ಕು, ಅದರ ಮೇಲೆ ಅವ್ವನ ಭಕ್ತಿ. ಕರೆಂಟು ದಾಟುವುದಾದರೂ ಹೇಗೆ? ನಗು ತಡೆದುಕೊಂಡು ವೈರು ಬಿಚ್ಚಿ, ತೊಳೆದು, ಒರೆಸಿ ಬಿಗಿದೆ. ಮೊದಲ ಸಲಕ್ಕೇ ಇಂಜಿನ್ ಗುರ್ ಅಂತು. ಎಷ್ಟು ಸಮಾಧಾನವಾಯಿತೆಂದರೆ ಕಣ್ಣು ತುಂಬಿ ಬಂತು.

"ಯವ್ವಾ, ಇನ್ನ ಮ್ಯಾಲೆ ಅಲ್ಲಿ ಹಚ್ಚಬ್ಯಾಡ. ಕರೆಂಟ್ ಬಂದ್ ಆಗ್ತದ" ಅಂದೆ.

ಅವ್ವ ಮತ್ತೆ ಗಾಡಿ ಹತ್ತಿ ಕೂತು, ಸೆರಗಿನ ಗಂಟು ಬಿಚ್ಚಿ, ಹಿಂದಿನ ಸೀಟಿನಿಂದ ಕೈ ಚಾಚಿ, ನನ್ನ ಹಣೆ ತುಂಬ ವಿಭೂತಿ ಬಳಿದಳು.

"ಆತು, ಇನ್ನ ಇಲ್ಲೇ ಹಚ್ತೇನಿ. ಇಲ್ಲಿ ಬಂದ್ ಆಗಾಕ ಕರೆಂಟರೆ ಎಲ್ಲಿ ಅದ? ನಡಿ, ಹೊಡಿ ಗಾಡಿ."