ಕಾಕಾ ಹಲ್ಲು ನೋಡಿದ್ದು

ನಮ್ಮ ಕಾಕಾ ದೇವರನ್ನು ನಂಬುತ್ತಾನೆ. ದೇವರ ಭಕ್ತರನ್ನು ಮಾತ್ರ ನಂಬುವುದಿಲ್ಲ! ಗುಡಿಗೆ ಹೋದರೆ ಒಂದು ಚಪ್ಪಲಿಯನ್ನು ಬಾಗಿಲ ಬಲಕ್ಕೆ, ಇನ್ನೊಂದನ್ನು ಎಡಕ್ಕೆ ಬಿಡುತ್ತಾನೆ. ಕಳ್ಳನಿಗೆ ಜೋಡಿ ಸಿಗಬಾರದಲ್ಲ! ಒಮ್ಮೆ ಅವನಿಗೇ ಜೋಡಿ ಸಿಗದೆ, ಕಲ್ಲೋಳಿಯ ಮನೆಯವರೆಗೂ ಒಂಟಿ ಚಪ್ಪಲಿಯಲ್ಲಿ ಕುಂಟುತ್ತ ಬಂದ. ಮೇಲೆ, "ನೋಡಿದೇನು, ನನ್ನ ಸಂಶಯ ಖರೇ ಆತಿಲ್ಲೋ?" ಎಂದು ಬೀಗಿದ.

ಇಂಥವನ ಮಗಳು ಜಾಣ ಮಕ್ಕಳ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಕೂತರೆ ಸುಮ್ಮನಿರುತ್ತಾನೆಯೇ? ಆ ಹುಡುಗಿಗೆ ಆ ಶಾಲೆಯೆಂದರೆ ಜೀವ. ಕಾಕಾನಿಗೆ ಮಾತ್ರ ಎಲ್ಲವೂ ಗೋಲ್‌ಮಾಲ್. ಪೇಟೆಯವರು ಮಕ್ಕಳ ಹೆಸರನ್ನು ಹಳ್ಳಿ ಶಾಲೆಗೆ ಹಚ್ಚಿ ಹಳ್ಳಿಯ ಪಾಲಿನ ಸೀಟು ಹೊಡೆಯುತ್ತಾರೆ, ವಯಸ್ಸು ಮುಚ್ಚಿಟ್ಟು ದೊಡ್ಡವರನ್ನು ಕೂಡಿಸುತ್ತಾರೆ ಎಂಬುದು ಅವನ ವಾದ. ಅರ್ಧದಷ್ಟು ನಿಜವೂ ಇರಬಹುದು ಅನ್ನಿ.

ಕಾಕಾ ಮೂಡಲಗಿಯ ದನದ ಪೇಟೆಯಲ್ಲಿ ಪಳಗಿದವನು. ಹೋರಿಯ ವಯಸ್ಸನ್ನು ಮಾಲೀಕನ ಬಾಯಿಂದ ಕೇಳುವುದಿಲ್ಲ, ಹೋರಿಯ ಬಾಯಿ ತೆರೆದು ಹಲ್ಲು ನೋಡುತ್ತಾನೆ. ಪರೀಕ್ಷೆಯ ದಿನ ಗೋಕಾಕದ ಕೇಂದ್ರದ ಗೇಟಿನಲ್ಲಿ ಕರದಂಟಿನ ಡಬ್ಬಿ ಹಿಡಿದು ನಿಂತ! "ತಗೋರಿ, ಛಲೋತ್ನ್ಯಾಗ ಕಡೀರಿ!" ಮಕ್ಕಳು ಕಚ್ಚಿದರು, ಕಾಕಾ ಬಗ್ಗಿ ಬಗ್ಗಿ ಹಲ್ಲು ನೋಡಿದ.

"ಇಂವ ಐದನೇ ಕ್ಲಾಸಿನಾಂವ ಅಲ್ಲ! ಬಾಯಾಗ ಒಂದೂ ಹಾಲಹಲ್ಲಿಲ್ಲ!" ಎಂದು ಒಬ್ಬನನ್ನು ಹಿಡಿದು ಕೂಗಿದ. ಹುಡುಗನ ತಾಯಿ ಹುಕ್ಕೇರಿಯ ದಂತವೈದ್ಯೆ! "ಕಾಕಾರ, ಮೊದಲ ನಿಮ್ಮ ಬಾಯಿ ತಗೀರಿ. ಎರಡು ಹಲ್ಲು ಕೀಳಾಕ ಬಂದಾವ," ಎಂದರು. ಅಂದಿನಿಂದ ಕಾಕಾನಿಗೆ ದಂತವೈದ್ಯರ ಮೇಲೂ ಸಂಶಯ.

ಫಲಿತಾಂಶ ಬಂತು. ಕಾಕಾನ ಮಗಳು ಆಯ್ಕೆಯಾಗಿದ್ದಳು! ನಾವೆಲ್ಲ ಕುಣಿದರೆ ಕಾಕಾ ಹುಬ್ಬು ಗಂಟಿಕ್ಕಿದ. "ಟ್ಯೂಶನ್ ಇಲ್ಲ, ಏನಿಲ್ಲ. ನಮ್ಮ ಹುಡುಗಿ ಹೆಂಗ ಬಂದ್ಲು? ಪೇಪರ ಅದಲಬದಲ ಆಗಿರಬೇಕ."

"ಹೆತ್ತ ಮಗಳನ್ನ ನಂಬೂದಿಲ್ಲಂದ್ರ ಇನ್ಯಾರನ್ನ ನಂಬತೀರಿ?" ಎಂದು ಕಾಕಾನ ಹೆಂಡತಿ, ನಮ್ಮ ಕಾಕು, ರೇಗಿದಳು. ನಾವು ನಕ್ಕೆವು. ಹುಡುಗಿ ನಗಲಿಲ್ಲ.

ಶಾಲೆಗೆ ಸೇರಿಸುವ ದಿನ ನಾನೂ ಜೊತೆಗಿದ್ದೆ. ಸೀಟು ತಪ್ಪಿದ ಹುಡುಗನ ತಂದೆಯೊಬ್ಬರು ಹೆಡ್‌ಮಾಸ್ತರರ ಮುಂದೆ ತಕರಾರು ತೆಗೆದಿದ್ದರು. ನಮ್ಮ ಹುಡುಗಿಯತ್ತ ಬೆರಳು ಮಾಡಿ, "ಟ್ಯೂಶನ್ ಹಚ್ಚಿದ ನನ್ನ ಮಗಗ ಇಲ್ಲದ್ದು ಈ ಹಳ್ಳಿ ಹುಡುಗಿಗೆ ಹೆಂಗ ಬಂತ್ರಿ? ಪೇಪರ ಅದಲಬದಲ ಆಗೇತಿ!" ಎಂದರು.

ಥೇಟ್ ಕಾಕಾನದೇ ಮಾತು! ಹುಡುಗಿ ಆ ಮನುಷ್ಯನನ್ನು ನೋಡಲಿಲ್ಲ, ಅಪ್ಪನನ್ನು ನೋಡಿದಳು. "ನೀನೂ ಹಂಗ ಅಂದಿದ್ದೆಲಾ ಅಪ್ಪಾ," ಎಂದಳು ಮೆಲ್ಲಗೆ.

ಕಾಕಾನ ಮುಖ ಬಿಳಿಚಿತು. ಅವನು ಮಗಳ ತಲೆಯ ಮೇಲೆ ಕೈಯಿಟ್ಟು, "ಅಂದಿದ್ದೆ ಯವ್ವಾ. ತಪ್ಪಾತು," ಎಂದ. ಆಮೇಲೆ ಆ ತಂದೆಯತ್ತ ತಿರುಗಿದ. "ಈಕಿ ಸ್ವಂತ ಬರದ ಬಂದಾಳ್ರಿ. ದಿನಾ ನನ್ನ ಬಾಜೂಕ ಕುಂತ ಓದ್ಯಾಳ. ನಾನ ಮಂದಿ ಮಕ್ಕಳನ್ನ ನೋಡಕೋತ ಈಕಿನ್ನ ನೋಡಲಿಲ್ಲ."

ಹೆಡ್‌ಮಾಸ್ತರರು ಪ್ರವೇಶದ ಕಾಗದವನ್ನು ಮುಂದೆ ತಳ್ಳಿದರು. ಮಗಳು ಕಣ್ಣೊರೆಸಿಕೊಂಡು, "ಸಹಿ ಮಾಡಪ್ಪಾ," ಎಂದಳು. ಕಾಕಾ ಒಂದಕ್ಷರವನ್ನೂ ಓದದೆ ಸಹಿ ಮಾಡಿದ.